ಬೊಂಡ ಕೊಟ್ಟ ಮನೆಗಳು

ಸಿದ್ಧಕಟ್ಟೆಯಲ್ಲಿ ಓಟು ಕೇಳಲು ಹೋದ ಮನೆಯೊಂದರಲ್ಲಿ ಶಾಂತಿಪ್ರಸಾದ ಮಾಸ್ತರರು ಆ ದಿನದ ಆರನೆಯ ಬೊಂಡದ ಎಳನೀರು ಕುಡಿದು ಮುಗಿಸುವಾಗ ಹಸೈನಾರ್‌ನ ಎದೆ ಕುಸಿಯಿತು.

"ನೋಡಿದಿರಾ ಹಸೈನಾರೆ, ಎಂಥ ಪ್ರೀತಿ! ಈ ಸಲ ನಾವು ಗೆದ್ದ ಹಾಗೆಯೇ," ಎಂದರು ಮಾಸ್ತರರು ಮೀಸೆ ಒರೆಸಿಕೊಳ್ಳುತ್ತಾ.

ಹಸೈನಾರ್ ಸುಮ್ಮನೆ ಹೂಂಗುಟ್ಟಿದ. ಬಟ್ಟೆ ಗಂಟು ಹೊತ್ತು ಇಪ್ಪತ್ತು ವರ್ಷ ಇದೇ ಅಂಗಳಗಳನ್ನು ತುಳಿದವನು ಅವನು. ಕೊಳ್ಳುವ ಮನೆಯವರು ನೀರು ಬೇಕಾ ಎಂದು ಸಹ ಕೇಳುವುದಿಲ್ಲ. ಸೀರೆ ಎಳೆದಾಡಿ, ಬಣ್ಣ ಹೋಗುತ್ತದೆಂದು ಬೈದು, ಚೌಕಾಶಿಗೆ ಕೂರುತ್ತಾರೆ. ಕೊಳ್ಳದವರಿಗೇ ಪಾಪ ಅನಿಸುವುದು, ಬೊಂಡ ಕೆತ್ತಿ ಕೊಟ್ಟು ಕಳಿಸುವುದು. ಓಟಿನದ್ದೂ ಅದೇ ಕತೆ. ಬೆಳಗ್ಗಿನಿಂದ ಮಾಸ್ತರರಿಗೆ ಗದರಿದವನು ಹಳ್ಳದಾಚೆಯ ಮನೆಯ ವೆಂಕಪ್ಪ ಒಬ್ಬನೇ.

"ಗೆದ್ದರೆ ನಮ್ಮ ತೋಡು ದಾಟಲಿಕ್ಕೆ ಸಂಕ ಹಾಕಿಸ್ತೀರಾ, ಇಲ್ಲ ಬರೇ ಬಾಯಿಮಾತಾ?" ಎಂದು ಅವನು ಏರಿ ಬಂದಾಗ ಹಸೈನಾರ್ ಮನಸ್ಸಿನಲ್ಲೇ ಒಂದು ಓಟು ಸೇರಿಸಿಕೊಂಡಿದ್ದ.

ಅರುವತ್ತೆರಡರ ವಿಧಾನಸಭೆ ಚುನಾವಣೆ. ಸ್ವಾತಂತ್ರ್ಯ ಬಂದಂದಿನಿಂದ ಆಳುವ ಪಕ್ಷದ ಎತ್ತಿನ ಜೋಡಿಯದ್ದೇ ಕಾರುಬಾರು. ಅದರ ಎದುರು ಗುಡಿಸಲು ಗುರುತಿನಲ್ಲಿ ಮಾಸ್ತರರು ಎರಡನೆಯ ಸಲ ನಿಂತಿದ್ದರು. ಸಾಲದ್ದಕ್ಕೆ ಅದು ಉಪವಾಸದ ತಿಂಗಳು. ಸೂರ್ಯ ಮುಳುಗುವ ತನಕ ಹಸೈನಾರ್ ಏನನ್ನೂ ಮುಟ್ಟುವಂತಿಲ್ಲ. ಮುಳುಗಿದ ಮೇಲೆ ಜೈನರಾದ ಮಾಸ್ತರರು ಮುಟ್ಟುವಂತಿಲ್ಲ. ಹಾಗಾಗಿ ಇಬ್ಬರ ಪಾಲಿನದ್ದೂ ಮಾಸ್ತರರ ಹೊಟ್ಟೆಗೇ ಹೋಗುತ್ತಿತ್ತು. ಪಾಪ, ಪ್ರತಿ ಗುಟುಕೂ ಅವರಿಗೆ ಒಂದೊಂದು ಓಟಿನಷ್ಟು ಸಿಹಿ.

ಬೊಂಡದ ಗುಟ್ಟು ಹೇಳಿಬಿಡಲೇ ಎಂದು ಹಸೈನಾರ್ ದಾರಿಯುದ್ದಕ್ಕೂ ಯೋಚಿಸಿದ. ಆದರೆ ಆ ಮುಖ ನೋಡಿದರೆ ಬಾಯಿ ಬರಲಿಲ್ಲ. ಕಳೆದ ಸಲ ಸೋತಾಗ ಈ ಮನುಷ್ಯ ಒಂದು ತಿಂಗಳು ಪೇಟೆಗೇ ಇಳಿದಿರಲಿಲ್ಲ. ಈ ಸಲ ಹೇಗಾದರೂ ಗೆಲ್ಲಿಸಬೇಕೆಂದೇ ಅವನು ವ್ಯಾಪಾರ ಬಿಟ್ಟು ಅವರ ಬೆನ್ನಿಗೆ ನಿಂತಿದ್ದ.

ಬಂಟ್ವಾಳ ತಲುಪುವಾಗ ಇನ್ನೂ ಬಿಸಿಲಿತ್ತು. ಹಸೈನಾರ್‌ನ ಜಗಲಿಯ ಬೆಂಚಿನಲ್ಲಿ ಮಾಸ್ತರರು ಎಂದಿನಂತೆ ಕೂತು ಪೇಪರ್ ಬಿಡಿಸಿದರು. ಓದು ಬಾರದ ಹಸೈನಾರ್‌ಗೆ ದಿನಾ ಸಂಜೆ ಪೇಪರ್ ಓದಿ ಹೇಳುವುದು ಅವರ ವರ್ಷಗಳ ರೂಢಿ. ಅಷ್ಟರಲ್ಲಿ ಹೆಂಡತಿ ಆಸ್ಯಮ್ಮ ಒಳಗಿನಿಂದ ಬಂದಳು. ಕೈಯಲ್ಲಿ ಕೆತ್ತಿದ ಬೊಂಡ!

ಮಾಸ್ತರರು ಕುಡಿದು, ಹರಸಿ, ಮನೆಗೆ ಹೊರಟ ಮೇಲೆ ಹಸೈನಾರ್ ಅಡುಗೆಮನೆಗೆ ನುಗ್ಗಿದ.

"ನೀನು ಸಹ ಅವರಿಗೆ ಓಟು ಹಾಕುವುದಿಲ್ಲವಾ? ನನ್ನ ಮರ್ಯಾದೆ ತೆಗೆದೆಯಲ್ಲ ಮಾರಾಯ್ತಿ!"

ಆಸ್ಯಮ್ಮ ತಲೆ ತಗ್ಗಿಸಿ ರೊಟ್ಟಿ ತಟ್ಟುತ್ತಲೇ ಇದ್ದಳು.

"ಗೆದ್ದರೆ ಮಾಸ್ತ್ರು ಬೆಂಗಳೂರಿಗೆ ಹೋಗ್ತಾರೆ. ಮತ್ತೆ ನಿಮಗೆ ಯಾರುಂಟು? ಅವರಿಗೆ ಜ್ವರ ಅಂತ ನಾಲ್ಕು ದಿನ ಬಾರದಿದ್ದಾಗ ನೀವು ಸರಿಯಾಗಿ ಊಟ ಮಾಡಿದ್ದುಂಟಾ?"

ಅವನು ಗೆಲ್ಲಿಸುವ ತನಕ ಯೋಚಿಸಿದ್ದ, ಗೆದ್ದ ಮೇಲಿನದ್ದನ್ನು ಯೋಚಿಸಿರಲಿಲ್ಲ. ಆ ದಿನ ಉಪವಾಸ ಬಿಡುವಾಗ ಒಂದು ಖರ್ಜೂರ ಬಾಯಿಗಿಟ್ಟು, ಜಗಲಿಯ ಖಾಲಿ ಬೆಂಚಿಗೆ ಹೋಗಿ ಕೂತ.

ಓಟಿನ ದಿನ ಶಾಲೆಯ ಕೋಣೆಯಲ್ಲಿ, ಪರದೆಯ ಹಿಂದೆ, ಹಸೈನಾರ್ ಮುದ್ರೆ ಹಿಡಿದು ಬಹಳ ಹೊತ್ತು ನಿಂತ. ಅಧಿಕಾರಿ ಎರಡು ಸಲ ಕೆಮ್ಮಿದರು. ಕಡೆಗೆ ಗುಡಿಸಲಿನ ಮೇಲೆಯೇ ಒತ್ತಿದ, ಕಾಗದ ಹರಿಯುವಷ್ಟು ಗಟ್ಟಿಯಾಗಿ. ಮಡಚಿ ಪೆಟ್ಟಿಗೆಗೆ ಹಾಕಿದ.

ಹೊರಗೆ, ಗೇಟಿನಾಚೆಯ ರಸ್ತೆಯಲ್ಲಿ ಮಾಸ್ತರರು ಕಾದು ನಿಂತಿದ್ದರು.

"ಹಾಕಿದಿರಾ?"

"ನಿಮಗೇ ಹಾಕಿದೆ ಮಾಸ್ತ್ರೇ."

ಮಾಸ್ತರರು ಅವನ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡರು. ಉಪವಾಸದವನ ಮೊರೆ ಮೇಲಿನವನಿಗೆ ಬೇಗ ಮುಟ್ಟುತ್ತದೆಂದು ಹಸೈನಾರ್‌ಗೆ ಗೊತ್ತಿತ್ತು. ಆ ಕೈ ಬಿಡದೆ, ಕಣ್ಣು ಮುಚ್ಚಿ, ದೇವರೇ, ಇವರನ್ನು ಇದೊಂದು ಸಲ ಸೋಲಿಸಿಬಿಡು ಎಂದು ಬೇಡಿಕೊಂಡ.