ಸಾಕ್ಷಿಯೋ ಕಕ್ಷಿಯೋ

ಜಡ್ಜಮ್ಮ ಬಾಗಿಲು ತಳ್ಳಿಕೊಂಡು ಒಳಗೆ ಬಂದ ಕೂಡಲೇ ಗುಬ್ಬಿ ಫೋನಿನ ಮಾತು ನಿಲ್ಲಿಸಿದಳು. ಆ ವಾರದಲ್ಲಿ ಇದು ಮೊದಲ ಸಲವೇನಲ್ಲ.

"ಯಾರದು?"

"ಅಮ್ಮ."

"ನಾನು ಬಂದೆ ಅಂತ ಇಟ್ಟುಬಿಟ್ಟೆಯಾ?"

ಗುಬ್ಬಿ ಪುಸ್ತಕದ ಚೀಲದೊಳಗೆ ಏನನ್ನೋ ಹುಡುಕುತ್ತ, ಅದರೊಳಕ್ಕೇ ಮುಖ ಹಾಕಿಕೊಂಡು ಏನೋ ಅಂದಳು. ಜಡ್ಜಮ್ಮನಿಗೆ ಅದು ಕೇಳಿಸಲಿಲ್ಲ. ಮತ್ತೊಮ್ಮೆ ಹೇಳು ಅನ್ನಲು ಮನಸ್ಸು ಒಪ್ಪಲಿಲ್ಲ. ಎದುರಿಗೆ ಹೇಳಲಾಗದ್ದನ್ನು ಹೀಗೆ ಗೊಣಗಿ ಮುಗಿಸುವುದು ಇವಳಿಗೆ ಇತ್ತೀಚೆಗೆ ರೂಢಿಯಾಗಿದೆ ಎಂದುಕೊಂಡು ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದಳು.

ಇಬ್ಬರೂ ವಿಶ್ವವಿದ್ಯಾಲಯದಲ್ಲಿ ಕಾನೂನು ಓದುತ್ತಿದ್ದರು. ಮೊದಲ ವರ್ಷದಿಂದಲೂ ಹಾಸ್ಟೆಲಿನ ಒಂದೇ ಕೋಣೆ. ತಮ್ಮ ತಂಗಿಯರ ಜಗಳಗಳಿಗೆಲ್ಲ ತೀರ್ಪು ಕೊಡುತ್ತ ಬೆಳೆದ ಹುಡುಗಿಗೆ ಅಪ್ಪ ಇಟ್ಟ ಅಡ್ಡಹೆಸರು ಜಡ್ಜಮ್ಮ. ಬಾಯಿ ತಪ್ಪಿ ಅದನ್ನು ಕಾಲೇಜಿನಲ್ಲಿ ಹೇಳಿಕೊಂಡಿದ್ದೇ ತಡ, ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಷ್ಟೇ ಉಳಿಯಿತು. ಗುಬ್ಬಿಗೆ ಆ ಹೆಸರು ಬಂದದ್ದು ಅವಳ ಗಾತ್ರದಿಂದ, ದನಿಯಿಂದ. ಕೋಪ ಬಂದರೂ ಅವಳ ಮಾತು ಒಂದು ಮೇಜಿನ ಆಚೆಗೆ ಹೋಗುತ್ತಿರಲಿಲ್ಲ.

ಮೊದಲೆರಡು ವರ್ಷ ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡವರ ಹಾಗಿದ್ದರು. ಮೂರನೆಯ ವರ್ಷ ಏನೋ ಕೆಟ್ಟಿತು. ಕ್ಯಾಂಟೀನಿನ ಮೇಜಿನ ಸುತ್ತ ಎಲ್ಲರೂ ನಗುವಾಗ ಜಡ್ಜಮ್ಮನಿಗೆ ಮಾತ್ರ ನಗುವಿನ ಕಾರಣ ಗೊತ್ತಿರುತ್ತಿರಲಿಲ್ಲ. ಏನು ಏನು ಎಂದು ಕೇಳಿದರೆ "ಏನಿಲ್ಲ ಬಿಡು" ಎನ್ನುತ್ತಿದ್ದರು. ಏನಿಲ್ಲದ್ದಕ್ಕೆ ಯಾರಾದರೂ ಹಾಗೆ ಹೊಟ್ಟೆ ಹಿಡಿದುಕೊಂಡು ನಗುತ್ತಾರೆಯೇ? ಸಾಕ್ಷ್ಯ ಕಾನೂನಿನ ಮೇಷ್ಟ್ರು ಬೇಕಂತಲೇ ಬೋರ್ಡಿಗೆ ಪಾಠ ಹೇಳುತ್ತಿದ್ದರು. ಗ್ರಂಥಾಲಯದವಳು ಇವಳನ್ನು ಕಂಡರೆ ಮಾತ್ರ ತುಟಿಯೊಳಗೇ ಮಾತಾಡುತ್ತಿದ್ದಳು.

ಆಮೇಲೆ ಕೋಣೆಯ ಪ್ರಸಂಗವಾಯಿತು. ಅಂತರ ವಿಶ್ವವಿದ್ಯಾಲಯ ಅಣಕು ನ್ಯಾಯಾಲಯ ಸ್ಪರ್ಧೆಗೆ ಅವರಿಬ್ಬರ ಜೋಡಿ ಆಯ್ಕೆಯಾಗಿತ್ತು. ಅಭ್ಯಾಸ ಮೂರನೇ ಕೋಣೆಯಲ್ಲಿ ಎಂದು ಗುಬ್ಬಿ ಹೇಳಿದ್ದಳು. ಜಡ್ಜಮ್ಮ ಮೂರನೇ ಕೋಣೆಯ ಖಾಲಿ ಬೆಂಚುಗಳ ಮುಂದೆ ಕಾದೂ ಕಾದೂ ಹೊರಗೆ ಬಂದರೆ, ಆರನೇ ಕೋಣೆಯಿಂದ ಎಲ್ಲರೂ ಕೈಬೀಸುತ್ತ ಹೊರಡುತ್ತಿದ್ದರು.

"ಎಲ್ಲಿಗೆ ಹೋಗಿದ್ದೆ? ಎಷ್ಟು ಹೊತ್ತು ಕಾಯೋದು?" ಎಂದಳು ಗುಬ್ಬಿ.

"ಮೂರು ಅಂದವಳು ನೀನೇ."

"ಆರು ಅಂದೆ. ನನ್ನ ಬಾಯಿಂದ ಮೂರು ಅಂತ ಬಂದೇ ಇಲ್ಲ."

ಕಾನೂನು ಓದುವವಳಲ್ಲವೇ, ಜಡ್ಜಮ್ಮ ಮನಸ್ಸಿನಲ್ಲೇ ಮೊಕದ್ದಮೆ ಕಟ್ಟಿದಳು. ಸ್ಪರ್ಧೆಯಲ್ಲಿ ಚೆನ್ನಾಗಿ ವಾದಿಸಿದ ಒಬ್ಬರನ್ನು ಹೆಸರಾಂತ ವಕೀಲರೊಬ್ಬರು ತಮ್ಮ ಕಚೇರಿಗೆ ತೆಗೆದುಕೊಳ್ಳುತ್ತಾರೆ ಎಂಬ ಸುದ್ದಿಯಿತ್ತು. ಒಬ್ಬರನ್ನು ಮಾತ್ರ. ಹಾಗಾದರೆ ಗುಬ್ಬಿಗೆ ಉದ್ದೇಶವಿತ್ತು, ಒಂದೇ ಕೋಣೆಯಲ್ಲಿದ್ದವಳಿಗೆ ಅವಕಾಶವೂ ಇತ್ತು. ಅಷ್ಟಾದ ಮೇಲೆ ಸಾಕ್ಷಿಗಳು ತಾವಾಗಿಯೇ ಬಂದು ಸಾಲುಗಟ್ಟಿ ನಿಂತವು.

ಸ್ಪರ್ಧೆಯ ದಿನ ಪೀಠದಲ್ಲಿ ಕುಳಿತಿದ್ದವರು ನಿವೃತ್ತ ನ್ಯಾಯಾಧೀಶರು. ದಟ್ಟ ಮೀಸೆ, ತಗ್ಗಿದ ದನಿ. ಅಂಗಡಿಗೆ ಬೆಂಕಿ ಬಿದ್ದ ಒಂದು ಕಲ್ಪಿತ ಪ್ರಕರಣ. ಬೆಂಕಿಯನ್ನು ಕಂಡವನು ಎದುರು ಕಟ್ಟಡದ ಕಾವಲುಗಾರನೊಬ್ಬನೇ. ಜಡ್ಜಮ್ಮ ಅಂಗಡಿಯವನ ಪರ ವಾದಿಸುತ್ತಿದ್ದಳು, ಚೆನ್ನಾಗಿಯೇ ವಾದಿಸುತ್ತಿದ್ದಳು. ನ್ಯಾಯಾಧೀಶರು ಮಧ್ಯೆ ತಡೆದು ಕೇಳಿದರು. ಅವಳಿಗೆ ಕೇಳಿಸಿದ್ದು, "ನಿಮ್ಮ ಕಕ್ಷಿಯನ್ನ ಯಾಕೆ ನಂಬಬೇಕು?" ಎಂದು.

"ಸ್ವಾಮಿ, ನನ್ನ ಕಕ್ಷಿದಾರರು ಎಷ್ಟೋ ವರ್ಷಗಳಿಂದ ಅದೇ ಬೀದಿಯಲ್ಲಿ ಅಂಗಡಿ ನಡೆಸಿದವರು. ಅವರ ಮೇಲೆ ಒಂದು ದೂರೂ ಇಲ್ಲ."

"ಅದಲ್ಲ" ಎಂದು ಅವರು ಮತ್ತೆ ಕೇಳಿದರು. ಮತ್ತೆ ಅದೇ ಪ್ರಶ್ನೆ. ಪಕ್ಕದಿಂದ ಗುಬ್ಬಿ ಬಗ್ಗಿ ಕಿವಿಯಲ್ಲಿ ಪಿಸುಗುಟ್ಟಿದಳು. "ಕಕ್ಷಿ, ಕಕ್ಷಿ" ಎಂದೇ ಪಿಸುಗುಟ್ಟಿದಳು. ಜಡ್ಜಮ್ಮ ಇನ್ನೂ ಗಟ್ಟಿಯಾಗಿ ಕಕ್ಷಿದಾರನ ಗುಣಗಾನಕ್ಕಿಳಿದಳು. ಸಭಾಂಗಣದಲ್ಲಿ ಹಿಂದಿನ ಸಾಲಿನಿಂದ ಶುರುವಾದ ನಗು ಮುಂದಿನ ಸಾಲಿನವರೆಗೂ ಬಂತು. ಕೊನೆಗೆ ನ್ಯಾಯಾಧೀಶರು ಕನ್ನಡಕ ತೆಗೆದು, ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು. "ಸಾಕ್ಷಿ ತಾಯಿ, ಸಾಕ್ಷಿ. ಆ ಕಾವಲುಗಾರ."

ಅವರ ಜೋಡಿ ಸೋತಿತು.

ಕೋಣೆಗೆ ಬಂದವಳೇ ಜಡ್ಜಮ್ಮ ಬಾಗಿಲು ಹಾಕಿದಳು. "ಎಲ್ಲರ ಮುಂದೆ ನನ್ನ ಮಾನ ಕಳೆದೆಯಲ್ಲ, ಸಮಾಧಾನವಾಯ್ತಾ?"

"ನಾನೇನು ಮಾಡಿದೆ?"

"ಸಾಕ್ಷಿ ಅಂತ ಗೊತ್ತಿದ್ದೂ ಕಕ್ಷಿ ಅಂತ ಹೇಳ್ಕೊಟ್ಟೆ."

"ಸಾಕ್ಷಿ ಅಂತಲೇ ಅಂದೆ. ಎರಡು ಸಲ ಅಂದೆ."

"ಮೂರೂ ಅನ್ನಲಿಲ್ಲ, ಕಕ್ಷಿನೂ ಅನ್ನಲಿಲ್ಲ. ನೀನು ಯಾವತ್ತೂ ಏನೂ ಅಂದಿರೋದೇ ಇಲ್ಲ. ನಿಮ್ಮಮ್ಮನ ಹತ್ರ ದಿನಾ ಗುಟ್ಟಾಗಿ ಮಾತಾಡ್ತೀಯಲ್ಲ, ಅದು ನನ್ನ ವಿಷಯ ತಾನೇ?"

ಗುಬ್ಬಿ ತಲೆಯೆತ್ತಿ ಹೇಳಿದಳು. "ಹೌದು, ನಿನ್ನ ವಿಷಯಾನೇ. ಅಮ್ಮ ನರ್ಸ್ ಅಲ್ವಾ, ಅದಕ್ಕೆ ಕೇಳ್ತಿದ್ದೆ. ನೀನು ಒಂದ್ಸಲ ಡಾಕ್ಟರಿಗೆ ತೋರಿಸ್ಕೋಬೇಕಂತೆ."

ಜಡ್ಜಮ್ಮನ ಮೈಯೆಲ್ಲ ಉರಿದುಹೋಯಿತು. "ಅಂದ್ರೆ ನನಗೆ ಹುಚ್ಚು ಅಂತೀಯಾ? ತಾಯಿ ಮಗಳು ಸೇರ್ಕೊಂಡು ಹುಚ್ಚಿ ಪಟ್ಟ ಕಟ್ತೀರಾ?"

ಗುಬ್ಬಿ ಅಡ್ಡಬಂದು ಏನೋ ಹೇಳಹೊರಟಳು. ಅದನ್ನು ಕೇಳಿಸಿಕೊಳ್ಳುವ ತಾಳ್ಮೆ ಇವಳಿಗಿರಲಿಲ್ಲ. ಬಟ್ಟೆಬರೆ ತುಂಬಿಕೊಂಡು ಮಾರನೆಯ ದಿನವೇ ಹಾಸ್ಟೆಲ್ ಬಿಟ್ಟಳು.

ಕಾಲೇಜಿನ ಹಿಂದಿನ ಬೀದಿಯಲ್ಲಿ ನಿವೃತ್ತ ಟೈಪಿಸ್ಟ್ ಒಬ್ಬಾಕೆ ತನ್ನ ಮನೆಯ ಹಿಂಭಾಗದ ಕೋಣೆಯನ್ನು ಬಾಡಿಗೆಗೆ ಕೊಡುತ್ತಿದ್ದಳು. ಅಡುಗೆಮನೆ ಇಬ್ಬರಿಗೂ ಒಂದೇ. ಮೊದಲ ವಾರ ಒಳ್ಳೆಯವಳಂತೆ ಕಂಡ ಒಡತಿ ಬರಬರುತ್ತ ತಕರಾರು ತೆಗೆದಳು. ಜಡ್ಜಮ್ಮ ಫ್ರಿಜ್ಜಿನ ಬಾಗಿಲನ್ನು ಸರಿಯಾಗಿ ಹಾಕುವುದಿಲ್ಲವಂತೆ, ಫ್ರಿಜ್ಜು ಬೀಪ್ ಬೀಪ್ ಎಂದು ಕೂಗಿಕೊಂಡರೂ ತಿರುಗಿ ನೋಡುವುದಿಲ್ಲವಂತೆ. ಬಾಗಿಲು ಒಂದಿಷ್ಟು ತೆರೆದೇ ಇರುತ್ತಿದ್ದದ್ದು ನಿಜವಿರಬಹುದು. ಆದರೆ ಆ ಫ್ರಿಜ್ಜು ಒಂದು ದಿನವೂ ಸದ್ದು ಮಾಡಿದ್ದನ್ನು ಜಡ್ಜಮ್ಮ ಕೇಳಿರಲಿಲ್ಲ. ಹೆಚ್ಚು ಬಾಡಿಗೆ ಕೊಡುವವರು ಯಾರೋ ಸಿಕ್ಕಿರಬೇಕು, ಅದಕ್ಕೆ ನನ್ನನ್ನು ಸಾಗಹಾಕಲು ನೆವ ಹುಡುಕುತ್ತಿದ್ದಾಳೆ ಎಂದು ಲೆಕ್ಕ ಹಾಕಿದಳು.

ಒಂದು ಬೆಳಿಗ್ಗೆ ನೇರವಾಗಿಯೇ ಹೇಳಿದಳು. "ಆಂಟಿ, ಇಲ್ಲದ್ದನ್ನ ಹೇಳ್ಬೇಡಿ. ನಿಮ್ಮ ಫ್ರಿಜ್ ಕೂಗೋದೇ ಇಲ್ಲ."

"ಕೂಗೋದೇ ಇಲ್ವಾ? ಬಾ ಇಲ್ಲಿ." ಒಡತಿ ಫ್ರಿಜ್ಜಿನ ಬಾಗಿಲನ್ನು ಹಾರುಹೊಡೆದು ಸೊಂಟದ ಮೇಲೆ ಕೈಯಿಟ್ಟು ನಿಂತಳು. ಜಡ್ಜಮ್ಮ ಎದುರಿಗೆ ನಿಂತಳು. ಒಳಗಿನ ದೀಪ ಬೆಳಗುತ್ತಿತ್ತು. ತಣ್ಣನೆಯ ಗಾಳಿ ಕಾಲಿಗೆ ತಾಕುತ್ತಿತ್ತು.

"ಈಗ ಏನಂತೀಯ?" ಎಂದಳು ಒಡತಿ.

"ಏನನ್ನಲಿ? ಕೂಗಿದ್ರೆ ತಾನೇ?"

"ಕೂಗ್ತಾ ಇದೆಯಲ್ಲಮ್ಮ."

ನಾಟಕ ಎಂದು ಜಡ್ಜಮ್ಮನಿಗೆ ಮೊದಲು ಅನ್ನಿಸಿತು. ಕಳ್ಳನನ್ನು ವಿಚಾರಿಸುವ ಪೊಲೀಸಿನ ಹಾಗೆ ಒಡತಿಯ ಮುಖವನ್ನೇ ನೋಡಿದಳು. ಆದರೆ ಅಲ್ಲಿದ್ದ ಸಿಟ್ಟು ಮೆಲ್ಲಗೆ ಇಳಿದು, ಅದರ ಜಾಗದಲ್ಲಿ ಬೇರೆ ಏನೋ ಮೂಡುತ್ತಿತ್ತು. ಸಿಟ್ಟನ್ನು ನಟಿಸಬಹುದು, ಈ ಮುಖವನ್ನು ನಟಿಸಲಾಗದು. ಒಡತಿ ಅವಳ ತೋಳು ಹಿಡಿದು ಫ್ರಿಜ್ಜಿನ ಹತ್ತಿರಕ್ಕೆ ಎಳೆದುಕೊಂಡಳು. ಬಾಗಿಲಿನ ಅಂಚಿಗೆ ಕಿವಿ ಒತ್ತಿದಾಗ, ದೂರದಲ್ಲೆಲ್ಲೋ ಸೊಳ್ಳೆ ಹಾರಿದ ಹಾಗೆ ಒಂದು ಎಳೆ ಸದ್ದು ಕೇಳಿಸಿತು. ಕಿವಿ ತೆಗೆದಳು. ಇಲ್ಲ. ಮತ್ತೆ ಒತ್ತಿದಳು. ಇತ್ತು.

"ಎಷ್ಟು ದಿನದಿಂದ ಹೀಗೆ?" ಎಂದು ಒಡತಿ ಕೇಳಿದ್ದು ಮಾತ್ರ ಸ್ಪಷ್ಟವಾಗಿ ಕೇಳಿಸಿತು. ಅಷ್ಟು ಹತ್ತಿರ ನಿಂತಿದ್ದಳು ಆಕೆ.

ಕಿವಿಯ ಡಾಕ್ಟರು ಅವಳನ್ನು ಗಾಜಿನ ಕಿಟಕಿಯ ಪುಟ್ಟ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿಸಿದಾಗಲೆಲ್ಲ ಗುಂಡಿ ಒತ್ತಲು ಹೇಳಿದರು. ಬಹಳ ಹೊತ್ತು ಅವಳ ಬೆರಳು ಕೆಲಸವಿಲ್ಲದೆ ಕುಳಿತಿತ್ತು. ಇವರು ಸದ್ದನ್ನೇ ಹಾಕದೆ ನನ್ನನ್ನು ಪರೀಕ್ಷಿಸುತ್ತಿಲ್ಲವಷ್ಟೇ ಎಂಬ ಅನುಮಾನ ಅಲ್ಲಿಯೂ ಬಂತು.

"ದಪ್ಪ ಸದ್ದು ನಿಮಗೆ ಚೆನ್ನಾಗೇ ಕೇಳುತ್ತೆ" ಎಂದರು ಡಾಕ್ಟರು. "ಸಣ್ಣ ಸದ್ದು, ಪಿಸುಮಾತು, ಪದದ ಅಂಚು, ಇವೆಲ್ಲ ಬಿಟ್ಟುಹೋಗುತ್ತೆ. ಹೀಗಿರೋವಾಗ ಅರ್ಧ ಮಾತನ್ನ ಕಿವಿ ಕೇಳುತ್ತೆ, ಉಳಿದರ್ಧ ಮನಸ್ಸು ತುಂಬ್ಕೊಳ್ಳುತ್ತೆ. ನಿಧಾನವಾಗಿ ಇಳಿದಿರೋದ್ರಿಂದ ನಿಮಗೇ ಗೊತ್ತಾಗಿಲ್ಲ. ಮನೇಲಿ ಬೇರೆ ಯಾರಿಗಾದರೂ ಇದೆಯಾ?"

"ಯಾರಿಗೂ ಇಲ್ಲ" ಎಂದಳು.

ಫೋನಿನಲ್ಲಿ ಅಮ್ಮನೂ ಹಾಗೆಯೇ ಅಂದಳು. ಆಮೇಲೆ ನೆನಪು ಮಾಡಿಕೊಂಡು, "ನಮ್ಮಣ್ಣ ಒಬ್ಬ ಇದ್ದ. ಕೂಗಿದ್ರೂ ತಿರುಗ್ತಿರ್ಲಿಲ್ಲ. ನಾವೆಲ್ಲ ಜಂಬ ಅಂದ್ಕೊಂಡಿದ್ವಿ" ಎಂದಳು.

ಈ ಸೋದರಮಾವನನ್ನು ಜಡ್ಜಮ್ಮ ತೀರಾ ಚಿಕ್ಕಂದಿನಲ್ಲಿ ನೋಡಿದ್ದಳು, ಅಷ್ಟೇ. ಅಜ್ಜನ ಆಸ್ತಿ ಪಾಲಾದ ದಿನ ಏನೋ ಮಾತಿಗೆ ಮಾತು ಬೆಳೆದು ಮನೆ ಬಿಟ್ಟವನು ಮತ್ತೆ ತಿರುಗಿ ನೋಡಿರಲಿಲ್ಲ. ಬಸ್ಸಿನಲ್ಲಿ ಅರ್ಧ ದಿನದ ದಾರಿಯ ಊರಿನಲ್ಲಿ ದರ್ಜಿ ಅಂಗಡಿ ಇಟ್ಟಿದ್ದಾನೆಂದು ಅಮ್ಮ ಹೇಳಿದಳು. ಹೊಸ ಹಿಯರಿಂಗ್ ಏಡ್ ಹಾಕಿಕೊಂಡು, ಬಸ್ಸಿನ ಒಂದೊಂದು ಮೊಳೆಯ ಕಿರಕಿರ ಸದ್ದನ್ನೂ ಕೇಳುತ್ತ ಜಡ್ಜಮ್ಮ ಅಲ್ಲಿಗೆ ಹೋದಳು.

ಬಾಗಿಲಿಗೆ ಬೆನ್ನು ಹಾಕಿ ಕುಳಿತು ಹೊಲಿಯುತ್ತಿದ್ದ ಮಾವ, ಎಷ್ಟು ಕರೆದರೂ ತಿರುಗಲಿಲ್ಲ. ಎದುರಿಗೆ ಹೋಗಿ ನಿಂತು ಯಾರ ಮಗಳೆಂದು ಹೇಳಿದಾಗ ಹೊಲಿಗೆ ಯಂತ್ರ ನಿಲ್ಲಿಸಿದ.

"ಯಾರು ಕಳಿಸಿದ್ರು ನಿನ್ನ?"

"ಯಾರೂ ಇಲ್ಲ ಮಾವ. ನಾನಾಗೇ ಬಂದೆ."

"ಸುಮ್ನೆ ಯಾರೂ ಬರಲ್ಲ." ಆದರೂ ಸ್ಟೂಲು ಎಳೆದು ಕೊಟ್ಟ. ಮೂಲೆಯ ಒಲೆಯ ಮೇಲೆ ಚಹಾಕ್ಕೆ ನೀರಿಟ್ಟ. ಕೇಳುವ ಮೊದಲೇ ಹಳೆಯ ಕಥೆ ತೆಗೆದ. "ಅವತ್ತು ನಿಮ್ಮಮ್ಮ ಅಡುಗೆಮನೆಯಿಂದ ಕೂಗಿ ಹೇಳಿದ್ಲು, ಅಣ್ಣನಿಗೆ ಪಾಲು ಬೇಡ ಅಂತ. ಯಾರೋ ಹೇಳಿದ್ದಲ್ಲ, ನನ್ನ ಕಿವಿಯಾರೆ ಕೇಳಿದೀನಿ. ಒಡಹುಟ್ಟಿದವಳೇ ಹಾಗಂದ ಮೇಲೆ ಅಲ್ಲಿ ನನಗೇನು ಕೆಲಸ?"

ಚಹಾವನ್ನು ಲೋಟಕ್ಕೆ ಬಗ್ಗಿಸುತ್ತ ಅಂದ. "ಕಪ್ಪು ಚಹಾನೇ ಕುಡೀಬೇಕು ನೀನು. ಹಾಲು ನನಗೆ ಚಿಕ್ಕಂದಿನಿಂದ್ಲೂ ಆಗಲ್ಲ, ಅಂಗಡೀಲಿ ಇಡೋದೂ ಇಲ್ಲ."

ಜಡ್ಜಮ್ಮ ಲೋಟವನ್ನು ಕೆಳಗಿಟ್ಟಳು. "ಅವತ್ತೂ ಅಮ್ಮ ಎಲ್ಲರಿಗೂ ಚಹಾ ಮಾಡ್ತಿದ್ಲಾ ಮಾವ?"

"ಮಾಡ್ತಿದ್ಲು. ಅದಕ್ಕೇನೀಗ?"

"ಅಣ್ಣನಿಗೆ ಹಾಲು ಬೇಡ ಅಂದಿರಬಹುದಲ್ವಾ?"

ಮಾವ ಅವಳ ಬಾಯನ್ನೇ ನೋಡುತ್ತ ಕುಳಿತ. ಇನ್ನೇನು ಅವನ ಕಣ್ಣು ಮೆತ್ತಗಾಗುತ್ತದೆ ಎನ್ನುವಷ್ಟರಲ್ಲಿ ಹುಬ್ಬು ಗಂಟಿಕ್ಕಿತು. "ಈ ಕಥೆ ಯಾರು ಹೇಳ್ಕೊಟ್ರು ನಿನಗೆ?"

ಅವಳು ಕೂದಲು ಸರಿಸಿ ಕಿವಿಯ ಹಿಂದಿನ ಯಂತ್ರ ತೋರಿಸಿದಳು. ಒಮ್ಮೆ ಡಾಕ್ಟರ ಹತ್ತಿರ ಬನ್ನಿ, ನಾನೇ ಕರೆದುಕೊಂಡು ಹೋಗುತ್ತೇನೆ ಎಂದು ಬೇಡಿಕೊಂಡಳು.

"ನನ್ನ ಕಿವಿಗೇನಾಗಿದೆ?" ಎಂದ ಮಾವ. "ಕೆಟ್ಟಿರೋದು ಜನರ ಬಾಯಿ." ತಿರುಗಿ ಕುಳಿತು ಯಂತ್ರ ತುಳಿಯತೊಡಗಿದ. ಆ ಬೆನ್ನಿಗೆ ಇನ್ನೇನು ಹೇಳಿದರೂ ಕೇಳಿಸುವಂತಿರಲಿಲ್ಲ. ಅವಳು ಚಹಾ ಕುಡಿದು ಮುಗಿಸಿ, ಲೋಟ ತೊಳೆದಿಟ್ಟು ಹೊರಟಳು.

ಊರಿಗೆ ಮರಳಿದವಳು ಬಸ್ ನಿಲ್ದಾಣದಿಂದ ನೇರವಾಗಿ ಹಾಸ್ಟೆಲಿಗೆ ಹೋದಳು. ಮೋಡ ಕವಿದ ಸಂಜೆ. ಗುಬ್ಬಿ ಬಾಗಿಲು ತೆರೆದಳು, ಒಳಗೆ ಬಾ ಅನ್ನಲಿಲ್ಲ. ಜಡ್ಜಮ್ಮ ಹೊಸ್ತಿಲಾಚೆಯೇ ನಿಂತು ಎಲ್ಲವನ್ನೂ ಹೇಳಿದಳು. ಫ್ರಿಜ್ಜಿನದು, ಡಾಕ್ಟರದು, ಮಾವನದು. ಕೊನೆಗೆ, "ತಪ್ಪಾಯ್ತು. ನನಗೆ ಕೇಳಿಸ್ತಿರಲಿಲ್ಲ" ಎಂದಳು.

"ಅದು ನನಗೆ ನಿನಗಿಂತ ಮೊದಲೇ ಗೊತ್ತಿತ್ತು" ಎಂದಳು ಗುಬ್ಬಿ. ಅವಳ ದನಿ ಎಂದಿಗಿಂತ ಗಟ್ಟಿಯಾಗಿತ್ತು. "ಕೇಳಿಸ್ಲಿಲ್ಲ ಅನ್ನೋದು ನಿನ್ನ ತಪ್ಪಲ್ಲ. ಆದರೆ ಕೇಳಿಸದ ಜಾಗದಲ್ಲೆಲ್ಲ ಕೆಟ್ಟದ್ದನ್ನೇ ಯಾಕೆ ತುಂಬ್ಕೊಂಡೆ? ಎರಡು ವರ್ಷ ಜೊತೆಗಿದ್ದೆನಲ್ಲ, ಒಂದ್ಸಲವಾದರೂ ಒಳ್ಳೇದನ್ನ ತುಂಬ್ಕೋಬಹುದಿತ್ತು."

ಜಡ್ಜಮ್ಮ ಚೀಲವನ್ನು ಬಾಗಿಲ ಪಕ್ಕದಿಂದ ಎತ್ತಿಕೊಂಡು, "ಬರ್ತೀನಿ" ಎಂದು ಮೆಟ್ಟಿಲಿನ ಕಡೆ ನಡೆದಳು.

ಹಿಂದಿನಿಂದ ಗುಬ್ಬಿ ಏನೋ ಅಂದಳು. ಮೆಟ್ಟಿಲು ಹತ್ತಿಬರುತ್ತಿದ್ದ ಹುಡುಗಿಯರ ಗಲಾಟೆಯಲ್ಲಿ ಯಂತ್ರವಿದ್ದರೂ ಅರ್ಧವೇ ಸಿಕ್ಕಿತು. ಮನಸ್ಸು ಹಳೆಯ ಚಾಳಿ ಬಿಡದೆ ಉಳಿದರ್ಧವನ್ನು ಆಗಲೇ ಬರೆದು ಮುಗಿಸಿತ್ತು. ಇನ್ನು ಈ ಕಡೆ ಬರಬೇಡ ಅಂದಿರುತ್ತಾಳೆ. ಅನ್ನಲಿ, ಸರಿಯಾಗಿಯೇ ಅಂದಿದ್ದಾಳೆ. ನಾಲ್ಕು ಮೆಟ್ಟಿಲಿಳಿದವಳು ನಿಂತಳು. ಕೇಳಲು ನಾಚಿಕೆಯಾಯಿತು, ಭಯವೂ ಆಯಿತು. ಆದರೂ ತಿರುಗಿದಳು.

"ಏನಂದೆ? ನನಗೆ ಕೇಳಿಸ್ಲಿಲ್ಲ."

ಗುಬ್ಬಿ ಬಾಗಿಲಿನಿಂದ ಹೊರಗೆ ಬಂದು ಮೆಟ್ಟಿಲ ಪಕ್ಕದ ಕಟಕಟೆಯ ಮೇಲೆ ಬಗ್ಗಿದಳು.

"ನಿನ್ನ ಛತ್ರಿ ಇಲ್ಲೇ ಬಿಟ್ಟಿದೀಯ ಅಂದೆ. ಮಳೆ ಬರೋ ಹಾಗಿದೆ."

ಜಡ್ಜಮ್ಮ ಮತ್ತೆ ಮೆಟ್ಟಿಲು ಹತ್ತಿದಳು. ಗುಬ್ಬಿಯ ಮುಖದಲ್ಲಿ ನಗುವಿರಲಿಲ್ಲ, ಆದರೆ ಈ ಸಲ ಅವಳು ಬಾಗಿಲಿಗೆ ಅಡ್ಡ ನಿಂತಿರಲಿಲ್ಲ.