ತೊಟ್ಟಿಲಿಗೆ ಎರಡು ಹನಿ

“ಏಯ್ ಭೀಮಿ, ನಿನ್ ಮಗಳ ಬಾಯಿಗೆ ಎರಡು ಹನಿ ಬಿಡಿಸ್ತೀಯೋ, ಇಲ್ಲಾ ನಾಟಿ ಬಿಟ್ಟು ಮನೀಗೆ ಹೋಗ್ತೀಯೋ? ಸೂಳೇ ಮಕ್ಳು, ಒಂದು ಅತ್ರೆ ಎಲ್ಲಾವೂ ಅಳ್ತಾವೆ. ಮೊಲೆ ಕೊಟ್ಕಂಡು ಕುಂದ್ರಾಕೆ ಕರ್ಸಿಲ್ಲ ನಿಮ್ಮನ್ನ.”

ಉಬ್ರಾಣಿಯ ಗದ್ದೆ ಬದುವಿನ ಮೇಲೆ ಕೊಡೆ ಹಿಡಿದು ನಿಂತಿದ್ದ ಮುರುಗೇಶಪ್ಪ ಸಾವ್ಕಾರರ ಬಾಯಿಂದ ಈ ಮಾತು ಬೆಳಗಿನಿಂದ ಮೂರನೆಯ ಸಲ ಬಂದಿತ್ತು. ಮೊಣಕಾಲುದ್ದ ಕೆಸರಿನಲ್ಲಿ ಬಗ್ಗಿದ್ದ ಭೀಮಕ್ಕ ತಲೆ ಎತ್ತಲಿಲ್ಲ. ಹೊಂಗೆ ಮರದ ಕೊಂಬೆಗಳಿಗೆ ಹಳೇ ಸೀರೆ ಕಟ್ಟಿ ಮಾಡಿದ ಏಳು ತೊಟ್ಟಿಲುಗಳಲ್ಲಿ ಆರು ತಣ್ಣಗಿದ್ದವು. ಏಳನೆಯದು ಅವಳದ್ದು. ಅದು ಮಾತ್ರ ಅರಚುತ್ತಿತ್ತು.

ಆರು ತಣ್ಣಗಿರಲು ಕಾರಣ ಭೀಮಕ್ಕನ ಅತ್ತೆ ಅಜ್ಜಮ್ಮ. ಸಾವ್ಕಾರರ ಈಚಲ ಬನದ ಹೆಂಡದ ಗಡಿಗೆಯನ್ನು ಪಕ್ಕದಲ್ಲಿಟ್ಟುಕೊಂಡು, ಅಳುವ ಮಗುವಿನ ಬಾಯಿಗೆ ಬಟ್ಟೆಚೂರು ಅದ್ದಿ ಹಿಂಡುವುದು ಆಕೆಯ ಕೆಲಸ. ಮಗುವಿಗೆ ಎರಡು ಹನಿ, ಹದ ನೋಡುವುದಕ್ಕೆಂದು ತನಗೆ ಎರಡು ಗುಟುಕು. ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಮಕ್ಕಳ ಜೊತೆ ಅಜ್ಜಮ್ಮನೂ ತೂಗುತ್ತಿದ್ದಳು. ಸಾವ್ಕಾರರು ಮಾತ್ರ ದೊಡ್ಡ ಶಿವಭಕ್ತರು. ಹೆಂಡದ ಗುತ್ತಿಗೆ ಹಿಡಿದು ಹದಿನೈದು ವರ್ಷವಾದರೂ ಒಂದು ಹನಿ ಮುಟ್ಟಿದವರಲ್ಲ. ಗಡಿಗೆಯ ಕಡೆಯಿಂದ ಗಾಳಿ ಬೀಸಿದರೆ ಮೂಗಿಗೆ ಶಲ್ಯ ಹಿಡಿಯುತ್ತಿದ್ದರು.

ಭೀಮಕ್ಕನೂ ಎಳವೆಯಲ್ಲಿ ಇದೇ ಮರದ ತೊಟ್ಟಿಲಲ್ಲಿ ಮಲಗಿದವಳು. ಏಳು ವರ್ಷಕ್ಕೆ ದನ ಕಾಯಲು ಹೋದಾಗ ಮಧ್ಯಾಹ್ನದ ಊಟವೆಂದರೆ ಅರ್ಧ ಕುಡಿಕೆ ಹೆಂಡ. ಅವಳ ಅಪ್ಪ ದುರುಗಪ್ಪ ಕುಡಿದು ಬಂದ ದಿನ ಅವಳೂ ಅಕ್ಕ ಲಕ್ಷ್ಮಕ್ಕನೂ ಕೋಳಿಗೂಡಿನೊಳಗೆ ನುಸುಳಿ ಮಲಗುತ್ತಿದ್ದರು. ಕೋಳಿಗಳೂ ರೂಢಿಯಾಗಿ ಜಾಗ ಬಿಡುತ್ತಿದ್ದವು. ಒಂದೇ ಗೂಡು, ಒಂದೇ ಬಟ್ಟೆಚೂರಿನ ಹನಿ. ಆದರೂ ಲಕ್ಷ್ಮಕ್ಕನಿಗೆ ಹೆಂಡದ ವಾಸನೆ ಬಂದರೆ ವಾಂತಿ, ಭೀಮಕ್ಕನಿಗೆ ಗಂಟಲು ಕುಣಿತ. ಬಸುರಿಯಾದ ಮೇಲೆ ಅವಳು ಹಲ್ಲು ಕಚ್ಚಿ ಕುಡಿತ ಬಿಟ್ಟಿದ್ದಳು. ಬಿಟ್ಟು ವರ್ಷ ದಾಟಿದ್ದರೂ ಗಡಿಗೆಯ ಮುಚ್ಚಳ ತೆಗೆದ ಸದ್ದಾದರೆ ಅವಳು ನೆಡುವ ಸಸಿಯ ಸಾಲು ಸೊಟ್ಟಗಾಗುತ್ತಿತ್ತು.

ಮಧ್ಯಾಹ್ನ ಟೋಪಿ ಹಾಕಿಕೊಂಡ ಸರ್ಕಾರಿ ಡಾಕ್ಟರೊಬ್ಬರು ಸೈಕಲ್ಲಿನಲ್ಲಿ ಬಂದರು. ಮಕ್ಕಳಿಗೆ ಸಿಡುಬಿನ ಲಸಿಕೆ ಹಾಕಲು ಊರೂರು ತಿರುಗುತ್ತಿದ್ದ ಅವರಿಗೆ ಕುಡುಕರ ಮನೆತನಗಳ ಬಗ್ಗೆ ಬರೆದಿಡುವ ಹವ್ಯಾಸವಿತ್ತು. ಸಾವ್ಕಾರರು ಮರದ ಕೆಳಗೆ ಜಮಖಾನ ಹಾಸಿಸಿ, ಭೀಮಕ್ಕನನ್ನು ಕೆಸರಿನಿಂದ ಕರೆಸಿ ದೂರ ನಿಲ್ಲಿಸಿದರು.

“ನಿಮ್ಮಪ್ಪ ಕುಡೀತಿದ್ದನೇನಮ್ಮ?”

“ಹೂನ್ರಿ. ಕುಡ್ದೇ ಸತ್ತ.”

“ತಾತ?”

“ಆತನೂ.”

“ಮುತ್ತಾತ?”

“ನಾನು ಕಂಡಿಲ್ರಿ. ಈ ಗದ್ದ್ಯಾಗೇ ದುಡಿದಾನಂತೆ. ಕುಡ್ದೇ ಇರ್ತಾನೆ.”

ಡಾಕ್ಟರು ಖುಷಿಯಾಗಿ ಬರೆದುಕೊಂಡರು. “ವಂಶಪಾರಂಪರ್ಯ. ರಕ್ತದಲ್ಲೇ ಇಳಿದು ಬರುತ್ತೆ.”

“ಕುಡೀಬ್ಯಾಡ್ರೋ ಅಂತ ಹೇಳಿ ಹೇಳಿ ನನ್ ಬಾಯಿ ಒಣಗೈತೆ ಸ್ವಾಮಿ,” ಎಂದರು ಸಾವ್ಕಾರರು. “ರಕ್ತಾನೇ ಹೆಂಡ ಆದ್ರೆ ಏನ್ ಮಾಡಾಕಾಗ್ತೈತೆ?”

“ನಮ್ಮಕ್ಕ ಲಕ್ಷ್ಮಕ್ಕನ ರಕ್ತಾನೂ ಅದೇ ಅಲ್ಲೇನ್ರಿ?” ಎಂದಳು ಭೀಮಕ್ಕ. “ಆಕೆ ಯಾಕೆ ಕುಡಿಯಲ್ಲ?”

ಡಾಕ್ಟರು ಪೆನ್ನು ಕಚ್ಚಿ ಯೋಚಿಸಿದರು. ಲಕ್ಷ್ಮಕ್ಕ ಆ ಪುಸ್ತಕದಲ್ಲಿ ಎಲ್ಲೂ ಕೂರುವ ಹಾಗೆ ಕಾಣಲಿಲ್ಲ. ಅವಳನ್ನು ಬಿಟ್ಟು ಬರೆದರು.

ಅಷ್ಟರಲ್ಲಿ ಸಾವ್ಕಾರರ ಹೆಂಡತಿ ಶಂಕ್ರಮ್ಮ ಡಾಕ್ಟರ ಊಟದ ಬುತ್ತಿಯೊಂದಿಗೆ ಗಾಡಿಯಿಂದ ಇಳಿದರು. ಲಸಿಕೆ ಹಾಕಿಸಲೆಂದು ಎಂಟು ತಿಂಗಳ ಮೊಮ್ಮಗನನ್ನೂ ಕರೆತಂದಿದ್ದರು. ಜಮಖಾನದ ಮೇಲೆ ಮಲಗಿಸಿದ್ದೇ ತಡ, ಹಲ್ಲು ಮೂಡುವ ನೋವಿಗೆ ಅದು ಊರಿಗೆಲ್ಲ ಕೇಳುವಂತೆ ಅತ್ತಿತು.

ತೂಕಡಿಸುತ್ತಿದ್ದ ಅಜ್ಜಮ್ಮನ ಕಿವಿಗೆ ಅಳು ಬಿತ್ತು. ಕಣ್ಣು ತೆರೆಯಲಿಲ್ಲ, ಕೈಗೆ ಕೆಲಸ ಗೊತ್ತಿತ್ತು. ಬಟ್ಟೆಚೂರು ಅದ್ದಿದಳು, ಚಾಚಿದಳು, ಮಗುವಿನ ತುಟಿಗೆ ತಾಗಿಸಿದಳು.

“ಮುಟ್ಟಿದ್ಲು ರೀ, ಮುಟ್ಟೇಬಿಟ್ಲು,” ಎಂದು ಶಂಕ್ರಮ್ಮ ಮಗುವನ್ನು ಎಳೆದುಕೊಂಡರು.

“ಮುಟ್ಟಿದ್ರೆ ತೊಳಿಬೋದು ಕಣೇ. ಎಳೇ ಕೂಸಿಗೆ ವಿಷ ಇಕ್ತಾಳೆ ಮುದಿ ರಂಡೆ. ಒಳಗೆ ಹೋಗಿದ್ರೆ ಹುಡುಗ ಜನ್ಮಕ್ಕೇ ಹಾಳಾಗ್ತಿದ್ದ.” ಸಾವ್ಕಾರರು ಗಡಿಗೆಯನ್ನು ಒದ್ದರು. ಹೆಂಡ ನೊರೆಯೆದ್ದು ಹರಿಯಿತು.

“ಎರಡೇ ಹನಿ ಬುದ್ಧಿ,” ಎಂದಳು ಅಜ್ಜಮ್ಮ, ತನ್ನ ತಪ್ಪೇನೆಂದು ತಿಳಿಯದೆ. “ನೀವು ಹೇಳಿದ್ದಷ್ಟೇ.”

ಗದ್ದೆಯಲ್ಲಿ ಬಗ್ಗಿದ್ದ ಬೆನ್ನುಗಳು ಒಂದೊಂದಾಗಿ ನೆಟ್ಟಗಾದವು.

“ವಿಷಾನಾ ಬುದ್ಧಿ?” ಎಂದು ಭೀಮಕ್ಕ ಮೆಲ್ಲಗೆ ಕೇಳಿದಳು.

ಸಾವ್ಕಾರರು ಶಲ್ಯ ಸರಿಮಾಡಿಕೊಂಡರು. “ನಮ್ ಮಗೀಗೆ ವಿಷ. ನಿಮ್ ರಕ್ತಕ್ಕೆ ಒಗ್ಗೈತೆ.”

“ಇದನ್ನೂ ಬರ್ಕಳ್ರಿ ಸ್ವಾಮಿ,” ಎಂದಳು ಭೀಮಕ್ಕ ಡಾಕ್ಟರ ಕಡೆ ತಿರುಗಿ.

ಡಾಕ್ಟರು ಪೆನ್ನಿಗೆ ಮುಚ್ಚಳ ಹಾಕಿದರು.

ಚೆಲ್ಲಿದ ಹೆಂಡದ ಘಮಲಿಗೆ ಭೀಮಕ್ಕನ ಗಂಟಲು ಕುಣಿಯಿತು. ಕಣ್ಣು ಮುಚ್ಚಿ ಉಗುಳು ನುಂಗಿ, ಆ ಒದ್ದೆ ನೆಲ ದಾಟಿದಳು. ಕಾಲುವೆಯಲ್ಲಿ ಕೈ ತೊಳೆದು, ಮಗಳನ್ನು ಎತ್ತಿಕೊಂಡು ಬಂದು, ಡಾಕ್ಟರಿಗೆಂದು ಹಾಸಿದ್ದ ಜಮಖಾನದ ನಡುವೆ ಕೂತಳು. ಸೆರಗು ಸರಿಸಿ ಮೊಲೆ ಕೊಟ್ಟಳು. ಡಾಕ್ಟರು ಬುತ್ತಿ ಎತ್ತಿಕೊಂಡು ಪಕ್ಕಕ್ಕೆ ಸರಿದರು.

ಹಿಂದೆಯೇ ಪಕ್ಕದ ಸಾಲಿನಲ್ಲಿ ನೆಡುತ್ತಿದ್ದ ಉಚ್ಚಂಗೆಮ್ಮ ಬಂದಳು. ಅವಳ ಮಗು ಏಳಲಿಲ್ಲ. ಅಂಗಾಲು ತಟ್ಟುತ್ತ, ಹೆಸರು ಕರೆಯುತ್ತ ಕೂತಳು. ಆಮೇಲೆ ಉಳಿದ ಐವರೂ ಬಂದು ತಂತಮ್ಮ ಮಕ್ಕಳನ್ನು ಎತ್ತಿಕೊಂಡರು. ಜಮಖಾನ ತುಂಬ ಕೆಸರಿನ ಕಾಲು. ಗದ್ದೆಯಲ್ಲಿ ಸಸಿಯ ಕಟ್ಟುಗಳು ನೀರಿನ ಮೇಲೆ ತೇಲತೊಡಗಿದವು.

“ಕಾಲುವೆ ನೀರಿನ ಸರದಿ ಹೊತ್ತು ಮುಳುಗೋ ತನಕ ಅಷ್ಟೇ ಐತೆ, ಏಳ್ರೇ. ನಾಳೆಯಿಂದ ಒಬ್ಬಳೂ ಈ ಕಡೆ ತಲೆ ಹಾಕಂಗಿಲ್ಲ,” ಎಂದರು ಸಾವ್ಕಾರರು. ದನಿ ಮೊದಲಿನಷ್ಟು ದೊಡ್ಡದಿರಲಿಲ್ಲ.

“ನಾಳೆ ಮಾತು ನಾಳೆ ಆಡಣ ಬುದ್ಧಿ,” ಎಂದಳು ಭೀಮಕ್ಕ. “ ಕುಡಿಯೋ ವಂಶ ನಮ್ದು. ಹೊಟ್ಟೆ ತುಂಬ ಕುಡೀಲಿ.”

ಮಗು ಒಂದು ಕಡೆ ಕುಡಿದು ಮುಗಿಸಿತು. ಭೀಮಕ್ಕ ಅದನ್ನು ಇನ್ನೊಂದು ಕಡೆಗೆ ತಿರುಗಿಸಿಕೊಂಡಳು.