ಕೊಡೆ ತಾತನ ಪರವಾಗಿ

"ನಾನು ಇಲ್ಲವೇ ಇಲ್ಲ ಅಂದಮೇಲೆ, ಈ ಕೆಮ್ಮು ಯಾರದಪ್ಪಾ?"

ಮೆಟ್ಟಿಲ ಕೆಳಗಿನ ಕೋಣೆಯಿಂದ ಬಂದ ಮಾತು. ಒಳಗೆ ಕೇಳಿಸಿಕೊಳ್ಳಲು ಗೋಡೆ ಬಿಟ್ಟರೆ ಯಾರೂ ಇರಲಿಲ್ಲ. ಬಾಗಿಲು ಬಡಿಯಲೆಂದು ಕೈ ಎತ್ತಿದ್ದ ಸಮಾಜ ಕಾರ್ಯಕರ್ತೆ ಹಾಗೇ ನಿಂತಳು. ಮಳೆಗಾಲದಿಂದ ಈ ಕೋಣೆಗೆ ಬಂದುಹೋಗುತ್ತಿದ್ದರೂ ಕೊಡೆ ತಾತ ಒಂದು ಮಾತನ್ನು ತೊದಲದೆ ಆಡಿದ್ದು ಅವಳಿಗೆ ಇದೇ ಮೊದಲು ಕೇಳಿಸಿದ್ದು. ಎದುರಿಗೆ ಮನುಷ್ಯರ ಮುಖ ಕಂಡರೆ ಸಾಕು, ಅವನ ಮೊದಲ ಅಕ್ಷರ ಮುನಿಸಿಕೊಂಡ ಅಳಿಯನ ಹಾಗೆ ಹೊಸಿಲಲ್ಲೇ ನಿಂತುಬಿಡುತ್ತಿತ್ತು. ಒಬ್ಬನೇ ಇದ್ದಾಗ, ಚಿಕ್ಕಂದಿನಲ್ಲಿ ಕೇಳಿ ಕಲಿತ ದೇವರ ಪದ್ಯಗಳೂ ಸರಾಗವಾಗಿ ಬರುತ್ತವೆ ಎಂದು ಮೇಲಿನ ಮನೆಯವರು ಹೇಳಿದ್ದುಂಟು. ದೇವರಿಗೆ ಅವಸರವಿಲ್ಲ, ಅದಕ್ಕೇ ಇರಬೇಕು.

ಅವಳು ಬಾಗಿಲು ತಟ್ಟಿದಳು. ಒಳಗಿನ ದನಿ ಪಟ್ಟನೆ ನಿಂತಿತು.

ಹಳೇ ಕಟ್ಟಡ ಕೆಡವುವುದು ನಿಶ್ಚಯವಾಗಿತ್ತು. ಅಲ್ಲಿದ್ದವರಿಗೆಲ್ಲ ಬೇರೆ ಮನೆ ಸಿಕ್ಕಿತ್ತು, ತಾತನೊಬ್ಬನನ್ನು ಬಿಟ್ಟು. ಊರಿನ ಕಾಗದಪತ್ರಗಳ ಪ್ರಕಾರ ಅವನು ಇಲ್ಲವೇ ಇಲ್ಲ. ಹಸುಗೂಸಾಗಿದ್ದಾಗ ಯಾರದೋ ಹೆಗಲೇರಿ ಊರಿಗೆ ಬಂದವನು. ಹೊತ್ತು ತಂದವರು ಹೋದಮೇಲೆ ಅವನು ಇಂಥ ಊರಿನವನೆಂದು ಹೇಳಲು ಯಾರೂ ಉಳಿಯಲಿಲ್ಲ. ಮುರಿದ ಕಡ್ಡಿ ಬಿಗಿದು, ಹರಿದ ಬಟ್ಟೆ ಹೊಲಿದು ಊರಿನ ಅರ್ಧ ಕೊಡೆಗಳನ್ನು ಬದುಕಿಸಿದ್ದ. ಮೋಡಕ್ಕೆ ನೆನಪಾದರೆ ಮಾತ್ರ ಜನಕ್ಕೂ ನನ್ನ ನೆನಪು ಎಂದು ಒಮ್ಮೆ ಅವಳಿಗೆ ಹೇಳಿದ್ದ. ಅಷ್ಟು ಹೇಳಿ ಮುಗಿಸುವಷ್ಟರಲ್ಲಿ ಇಬ್ಬರ ಚಹಾವೂ ಆರಿತ್ತು.

ಅಂದು ವಿಚಾರಣೆ. ಊರಿನವನೆಂದು ಒಪ್ಪಿದರೆ ಅವನ ಹೆಸರಿಗೇ ಒಂದು ಮನೆ, ಒಂದು ಕೀಲಿ, ಒಂದು ವೋಟು. ಒಪ್ಪದಿದ್ದರೆ ಬೀದಿ. ತಾತ ಇದ್ದುದರಲ್ಲಿ ಒಳ್ಳೆಯ ಅಂಗಿ ತೊಟ್ಟು ಅವಳೊಂದಿಗೆ ಕಚೇರಿಗೆ ಹೊರಟ.

ಅಧಿಕಾರಿ ಕೆಟ್ಟವನಲ್ಲ. ಕೂರಿಸಿ, ನೀರು ಕೊಡಿಸಿ, ಹೆಸರು ಕೇಳಿದ. ತಾತನ ತುಟಿ ಗುಂಡಗಾಯಿತು, ಕತ್ತಿನ ನರ ಉಬ್ಬಿತು. ಫ್ಯಾನು ತಿರುಗುತ್ತಿತ್ತು. ಹಿಂದೆ ಸರದಿಯಲ್ಲಿದ್ದ ಯಾರೋ, ಈ ಗಾಡಿ ತಳ್ಳಿದರೇ ಹೊರಡೋದು ಎಂದು ಕಿಸಕ್ಕನೆ ನಕ್ಕರು. ಅವಳು ಎದ್ದು ಮುಂದೆ ಬಂದಳು.

"ಸರ್, ನಾನು ಹೇಳ್ತೀನಿ" ಎಂದಳು.

ಬಾಯಿಲ್ಲದವರಿಗೆ ಬಾಯಾಗುವುದು ಅವಳ ಕಸುಬಿನಲ್ಲಿ ದೊಡ್ಡ ಪುಣ್ಯ. ತಾತನ ಹೆಸರು, ಕೆಲಸ, ನೆರೆಯವರ ಸಾಕ್ಷಿ, ಎಲ್ಲವನ್ನೂ ಅವಳೇ ಹೇಳಿದಳು. ಚೆನ್ನಾಗಿಯೇ ಹೇಳಿದಳು. ಮೋಡದ ಮಾತನ್ನೂ ಹೇಳಿದಾಗ ಅಧಿಕಾರಿ ಮನಸಾರೆ ನಕ್ಕ. ತಾತ ಮಾತ್ರ ನಗದೆ ತನ್ನ ಕೈಗಳನ್ನೇ ನೋಡುತ್ತಿದ್ದ.

ಆಮೇಲೆ ಅಧಿಕಾರಿ ಮೆತ್ತಗೆ ತೀರ್ಮಾನ ತಿಳಿಸಿದ. ಇವರು ಈ ಊರಿನವರೇ, ಅದರಲ್ಲಿ ಅನುಮಾನವಿಲ್ಲ. ಆದರೆ ತಮ್ಮ ವ್ಯವಹಾರ ತಾವೇ ನೋಡಿಕೊಳ್ಳಲಾರರು ಎಂಬುದನ್ನು ಕಣ್ಣಾರೆ ಕಂಡಾಯಿತು. ಹಾಗಾಗಿ ಒಬ್ಬ ಪೋಷಕರು ಬೇಕು. ಮನೆ, ಕೀಲಿ ಪೋಷಕರ ಹೆಸರಿಗೆ. ವೋಟು ಇರುವುದಿಲ್ಲ.

"ನೀವೇ ಇದ್ದೀರಲ್ಲಮ್ಮಾ, ಹೆತ್ತ ಮಗಳೂ ಇಷ್ಟು ಮಾಡಲ್ಲ" ಎಂದ.

ತಾತನಿಗೆ ಎಲ್ಲವೂ ತಿಳಿಯುತ್ತದೆ, ಸ್ವಲ್ಪ ಹೊತ್ತು ಬೇಕು ಅಷ್ಟೇ ಎಂದು ಅವಳು ಅಂಗಲಾಚಿದಳು. ಇನ್ನೊಂದು ವಿಚಾರಣೆ ಮುಂದಿನ ವರ್ಷವೇ ಎಂದ ಅಧಿಕಾರಿ. ಕಟ್ಟಡ ಬೀಳುವುದು ಈ ವಾರ.

ಅವಳು ತನ್ನ ಕೋಣೆಗೆ ಬಂದು ದೀಪ ಹಾಕಿದಳು. ಅವಳಿಗೂ ಮನೆಯಲ್ಲಿ ಎದುರು ಕೂರುವವರಿಲ್ಲ. ಹಗಲೆಲ್ಲ ಊರವರ ಪರವಾಗಿ ಆಡಿ ಆಡಿ, ಸಂಜೆಗೆ ತನ್ನದೆನ್ನುವ ಮಾತು ಒಂದೂ ಉಳಿಯುತ್ತಿರಲಿಲ್ಲ. ತಾತನನ್ನು ಹೇಗೆ ಕೇಳಬೇಕೆಂದು ಅನ್ನದ ಪಾತ್ರೆಯ ಮುಂದೆ ಹೇಳಿ ನೋಡಿಕೊಂಡಳು. ಅಲ್ಲಿ ಸಲೀಸಾಗಿ ಬಂತು.

ಬೆಳಗ್ಗೆ ತಾತ ಕೊಡೆಕಡ್ಡಿಗಳನ್ನು ಗೋಣಿಗೆ ತುಂಬುತ್ತಿದ್ದ. ಮೇಲಿನ ಮನೆಯವರು ಮಂಚ ಇಳಿಸುತ್ತಿದ್ದರು. ಅವಳು ನೆಲದ ಮೇಲೆ ಅವನೆದುರು ಕೂತಳು.

"ನಾನು ನಡುವೆ ಬಾಯಿ ಹಾಕಬಾರದಿತ್ತು ತಾತಾ. ಈಗ ಒಂದೇ ದಾರಿ ಉಳಿದಿರೋದು. ನಾನು ಪೋಷಕಿ ಅಂತ ನೀವು ಒಪ್ಪಿಕೊಳ್ಳಿ. ಕೀಲಿ ನಿಮ್ಮ ಕೈಲೇ ಇರುತ್ತೆ, ಹೆಸರು ಮಾತ್ರ ನನ್ನದು. ಇಲ್ಲಾಂದ್ರೆ ಈ ವಯಸ್ಸಲ್ಲಿ ಎಲ್ಲಿಗೆ ಹೋಗ್ತೀರಿ? ಹೂಂ ಅನ್ನಿ, ಸಾಕು."

ತಾತ ಗೋಣಿಯ ಬಾಯಿ ಬಿಗಿದು ಪಕ್ಕಕ್ಕಿಟ್ಟ. ತುಟಿ ಗುಂಡಗಾಯಿತು. ಕತ್ತಿನ ನರ ಎದ್ದಿತು. ಎತ್ತಿಕೊಡಲು ಅವಳ ನಾಲಿಗೆಯ ತುದಿಯಲ್ಲೇ ಹತ್ತಾರು ಮಾತುಗಳಿದ್ದವು. ಅವಳು ತುಟಿ ಕಚ್ಚಿ ಸುಮ್ಮನಿದ್ದಳು. ಮಂಚ ಮೆಟ್ಟಿಲಿಗೆ ತಗುಲಿತು, ಯಾರೋ ಬೈದರು, ಮತ್ತೆ ಎತ್ತಿದರು, ಅದು ಬಾಗಿಲು ದಾಟಿ ಬೀದಿಗೂ ಹೋಯಿತು. ಅವಳು ಕಾದಳು.

"ಊ... ಊರು ನನ್ನನ್ನ ಬೀ... ಬೀದಿಗೆ ಹಾಕ್ಲಿ ತಾಯಿ" ಎಂದ ತಾತ. "ನ... ನನ್ನ ಬದಲು ನೀನು ಬೇಡ. ನಾ... ನಾನು ಒ... ಒಪ್ಪಲ್ಲ."